ನಳಿಕೆಗೆ ಹಿಡಿದ ಸೀಸ

ಪಾತ್ರೆ ಉಜ್ಜುವ ತಾಮ್ರದ ಜುಂಗು ನೋಡಿದ್ದೀರಾ? ಊರಿನಲ್ಲಿ ತೆಂಗಿನ ನಾರು ಹೇಗೋ ಇಲ್ಲಿ ಅಮೆರಿಕದಲ್ಲಿ ನಮಗೆ ಅದು ಹಾಗೆ ಒದಗಿಬಂದಿತ್ತು. ತೆಳ್ಳಗಿನ ತಾಮ್ರದ ಎಳೆಯನ್ನು ಗುಂಗುರು ಗುಂಗುರಾಗಿ ಸುತ್ತಿ, ದೊಡ್ಡ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಮಾರುತ್ತಿದ್ದರು. ತಳ ಹಿಡಿದ ಹಾಲಿನ ಪಾತ್ರೆಯನ್ನು ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಬೆಳಗುವುದಿಲ್ಲ. ಹಾಲು ತಳ ಹಿಡಿಸುವುದರಲ್ಲಿ ನಾನು ಎತ್ತಿದ ಕೈ. ಆದ್ದರಿಂದ ಈ ಒಂದು ವಿಷಯದಲ್ಲಿ ನನ್ನ ಮಾತನ್ನು ನೀವು ನಂಬಬಹುದು.

ಮೊನ್ನೆ ವೆಸ್ಟ್ ಬ್ಲೂಮ್‌ಫೀಲ್ಡಿನ ಅಂಗಡಿಯೊಂದರಲ್ಲಿ ಅದನ್ನು ಹುಡುಕುತ್ತ ನಿಂತಿದ್ದೆ. ಪ್ಲಾಸ್ಟಿಕ್ಕಿನದಿತ್ತು, ಸ್ಪಂಜಿನದಿತ್ತು, ಸ್ಟೀಲಿನದಿತ್ತು. ಜೊತೆಗೆ ಬಂದಿದ್ದ ಮಗಳು ರಂಜನಿ ಗಡಿಯಾರ ನೋಡಿಕೊಂಡು, "ಅಮ್ಮಾ, ಜಸ್ಟ್ ಗೆಟ್ ದ ಸ್ಟೀಲ್ ಒನ್," ಎಂದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಹಳೆಯ ಒಪ್ಪಂದ. "ನಿಂಗೆ ಗೊತ್ತಿಲ್ಲ ಸುಮ್ನಿರು. ಆ ತಾಮ್ರದ ಜುಂಗಿನ ದೆಸೆಯಿಂದ ಒಬ್ಬರ ಪ್ರಾಣ ಉಳೀತು," ಎಂದೆ. ನಂಬಲಿಲ್ಲ. ಕಥೆ ಹೇಳಲು ಹೊರಟರೆ ಅವಳಿಗೆ ಪುರುಸೊತ್ತಿಲ್ಲ. ನಿಮಗಿದ್ದರೆ ಕೇಳಿ.

ಎಪ್ಪತ್ತರ ದಶಕ, ಪೆಟ್ರೋಲಿಗಾಗಿ ಗ್ಯಾಸ್ ಸ್ಟೇಷನ್ನುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಚಳಿಗಾಲ. ನಾವು ಆಗ ಇದ್ದದ್ದು ಡೆಟ್ರಾಯಿಟ್ ಪಕ್ಕದ ವಾರನ್‌ನಲ್ಲಿ. ಬೀದಿಯುದ್ದಕ್ಕೂ ಒಂದೇ ಅಚ್ಚಿನಲ್ಲಿ ತೆಗೆದಂಥ ಇಟ್ಟಿಗೆ ಮನೆಗಳು. ಹೊಸತರಲ್ಲಿ ನಾನು ಎಷ್ಟೋ ಸಲ ಪಕ್ಕದ ಮನೆಯ ಬಾಗಿಲಿಗೆ ನಮ್ಮ ಬೀಗದ ಕೈ ತುರುಕಿ, ತೆರೆಯುತ್ತಿಲ್ಲವೆಂದು ಬಾಗಿಲಿಗೇ ಬೈದದ್ದುಂಟು. ಹಾಗೆ ಬೈಸಿಕೊಂಡ ಬಾಗಿಲಿನಿಂದಲೇ ನಮಗೆ ಸ್ಟ್ಯಾನ್ ಮತ್ತು ಹೆಲೆನ್ ಪರಿಚಯವಾದದ್ದು.

ಸ್ಟ್ಯಾನ್‌ಗೆ ಅರವತ್ತರ ಆಸುಪಾಸು. ಕಾರಿನ ಭಾಗಗಳ ಅಚ್ಚು ಮಾಡುವ ಕಾರ್ಖಾನೆಯಲ್ಲಿ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಆಳು ಬಾಗಿಲು ತುಂಬುವಂತಿದ್ದರು. ಹಿಮ ಬಿದ್ದ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ನಮ್ಮ ಡ್ರೈವ್‌ವೇಯ ಮೇಲಿನದನ್ನೂ ಸಲಿಕೆಯಲ್ಲಿ ಎತ್ತಿ ಹಾಕಿರುತ್ತಿದ್ದರು. ಅವರ ಹೆಂಡತಿ ಹೆಲೆನ್ ಪುಟ್ಟ ಹೆಂಗಸು, ಮಾತು ಮೆತ್ತಗೆ. ಮಕ್ಕಳಿಲ್ಲ. ನಾನು ಡ್ಯೂಟಿಗೆ ಹೋದಾಗ ಎರಡು ವರ್ಷ ಕಳೆದಿದ್ದ ರಂಜನಿಯನ್ನು ನೋಡಿಕೊಳ್ಳುತ್ತಿದ್ದವರು ಅವರೇ.

ನನ್ನ ಡ್ಯೂಟಿ ಡೆಟ್ರಾಯಿಟ್ ಊರೊಳಗಿನ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ, ಡಾಕ್ಟರಾಗಿ. ಹಳೆಯ ಮನೆಗಳ ಗೋಡೆಯಿಂದ ಉದುರಿದ ಬಣ್ಣದ ಚಕ್ಕೆ ತಿಂದು, ಅದರಲ್ಲಿದ್ದ ಸೀಸ ರಕ್ತಕ್ಕೇರಿ, ಹೊಟ್ಟೆನೋವಿನಲ್ಲಿ ಅಳುವ ಮಕ್ಕಳು ದಿನವೂ ಬರುತ್ತಿದ್ದರು. ಸೀಸದ ಬಣ್ಣಕ್ಕೆ ಒಂದು ಬಗೆಯ ಸಿಹಿ ಇರುತ್ತದೆ. ಮಕ್ಕಳು ಅದನ್ನು ಮಿಠಾಯಿಯಂತೆ ಚೀಪುತ್ತವೆ. ಇದು ಗೊತ್ತಾದ ದಿನ ನನಗೆ ಊಟ ಸೇರಿರಲಿಲ್ಲ.

ನನ್ನ ಗಂಡನ ಹೆಸರು ಸೀತಾರಾಮ. ಹೆಸರು ಹಿಡಿದು ಬರೆಯಲು ಇಷ್ಟು ವರ್ಷವಾದರೂ ಕೈ ಬರುವುದಿಲ್ಲ, 'ಇವರು' ಎಂದೇ ಬರೆಯುತ್ತೇನೆ. ಇವರಿಗೆ ಎಂಜಿನ್ನಿನ ಭಾಗಗಳನ್ನು ಎರಕ ಹೊಯ್ಯುವ ಫೌಂಡ್ರಿಯಲ್ಲಿ ಮೆಟಲರ್ಜಿಸ್ಟ್ ಕೆಲಸ. ಸೀತಾರಾಮ ಎನ್ನುವುದು ಉದ್ದವಾಯಿತೆಂದು ಸ್ಟ್ಯಾನ್ ಅದನ್ನು 'ಸಿಡ್' ಎಂದು ಕತ್ತರಿಸಿಟ್ಟಿದ್ದರು. ಸ್ನಾನದ ಮನೆಯ ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು, ಹೊರಗೆ ಚಳಿಯಿದೆಯೆಂದು ಬೇಸ್‌ಮೆಂಟಿಗೆ ಬಿಟ್ಟುಬರುವ ಸ್ವಭಾವದವರು ಇವರು. ಈ ಮಾತು ಯಾಕೆ ಹೇಳಿದೆ ಎಂದು ಈಗ ಗೊತ್ತಾಗುತ್ತದೆ.

ಆ ಚಳಿಗಾಲ ನಮ್ಮ ಸಿಂಕಿನ ಹತ್ತಿರ ಇಟ್ಟ ತಾಮ್ರದ ಜುಂಗು ಮಾಯವಾಗತೊಡಗಿತು. ಹೊಸದು ತಂದರೆ ಅದೂ ಮಾಯ. ಮೊದಲು ನನ್ನ ಮರೆವಿನ ಮೇಲೆ ಅನುಮಾನಪಟ್ಟೆ. ಆಮೇಲೆ ಇಲಿ ಇರಬಹುದೆಂದುಕೊಂಡೆ. ಇಲಿ ತಾಮ್ರ ತಿನ್ನುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರನ್ನು ಗಂಭೀರವಾಗಿ ಕೇಳಿ, ಅವರು ನನ್ನನ್ನು ಒಂದು ಥರ ನೋಡಿದ್ದೂ ಆಯಿತು.

ಒಂದು ಶನಿವಾರ ಮಧ್ಯಾಹ್ನ ಇವರು ಕೋಟು ಹಾಕಿಕೊಂಡು, "ಸ್ಟ್ಯಾನ್ ಮನೆಗೆ ಹೋಗ್ಬರ್ತೀನಿ," ಎಂದು ಹೊರಟರು. ಕೋಟಿನ ಜೇಬಿನಿಂದ ತಾಮ್ರದ ಗುಂಗುರು ಎಳೆಯೊಂದು ಹೊರಗೆ ಇಣುಕುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಹೋದೆ. ಹೆಲೆನ್ ಬಾಗಿಲು ತೆರೆದು ಮಗುವನ್ನು ಇಸಿದುಕೊಂಡು, "ಇಬ್ಬರೂ ಗ್ಯಾರೇಜಲ್ಲಿದಾರೆ," ಎಂದರು. ಗ್ಯಾರೇಜಿನ ಬಾಗಿಲು ತಳ್ಳಿದೆ.

ಮೇಜಿನ ಮೇಲೆ ಪತ್ರಿಕೆ ಹಾಸಿತ್ತು. ನನ್ನ ಗಂಡ ಕನ್ನಡಕವನ್ನು ಹಣೆಗೇರಿಸಿಕೊಂಡು, ನನ್ನ ಜುಂಗಿನ ಎಳೆಗಳನ್ನು ಉದ್ದನೆಯ ಬ್ರಶ್ಶೊಂದಕ್ಕೆ ಸುತ್ತಿ, ಒಂದು ಪಿಸ್ತೂಲಿನ ನಳಿಕೆಯೊಳಗೆ ತೂರಿಸಿ ಉಜ್ಜುತ್ತಿದ್ದರು. ಮೈಸೂರಿನ ಮನೆಯಲ್ಲಿ ದೇವರ ಪಾತ್ರೆ ತಿಕ್ಕುತ್ತಿದ್ದಾಗಲೂ ಅಷ್ಟು ಶ್ರದ್ಧೆ ಇದ್ದಿರಲಾರದು.

ಡೆಟ್ರಾಯಿಟ್‌ನಲ್ಲಿ ಕೆಲಸ ಮಾಡುವ ಡಾಕ್ಟರಿಗೆ ಗುಂಡಿನ ಗಾಯ ಹೊಸದಲ್ಲ. ಗುಂಡು ಹಾರಿಸುವ ವಸ್ತುವನ್ನು ಮಾತ್ರ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಏನ್ರೀ ಇದು!"

ಇವರು ಬೆಚ್ಚಿ ಎದ್ದು ನಿಂತರು. ಕೈಯಲ್ಲಿ ಅದು ಹಾಗೇ ಇತ್ತು. ಅದು ನನ್ನ ಕಡೆ ತಿರುಗಿದ್ದು ನೋಡಿ ನಾನು ಕಿಟಾರನೆ ಕಿರುಚಿದೆ.

"ಖಾಲಿ ಇದೆ, ಡಾಕ್, ಖಾಲಿ ಇದೆ," ಎಂದು ಸ್ಟ್ಯಾನ್ ಅದನ್ನು ಇಸಿದುಕೊಂಡು, ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಸರಿಸಿ ತೋರಿಸಿದರು. ಆರು ತೂತುಗಳಿಂದಲೂ ಬೆಳಕು ಕಾಣುತ್ತಿತ್ತು. ಅವರಾಡಿದ್ದು ಇಂಗ್ಲಿಷು, ನನ್ನ ನೆನಪಿನಲ್ಲಿ ಉಳಿದಿರುವುದು ಹೀಗೆ.

"ಪಿಸ್ತೂಲು ಯಾಕೆ ನಿಮ್ಮ ಹತ್ತಿರ?"

"ಪಿಸ್ತೂಲಲ್ಲ, ರಿವಾಲ್ವರ್," ಎಂದು ತಿದ್ದಿದವರು ನನ್ನ ಗಂಡ! ಜೇಡಕ್ಕೆ ಚಳಿಯಾದೀತೆಂದು ಮರುಗುವ ಮನುಷ್ಯ.

ವಿಷಯ ಇಷ್ಟು. ಸ್ಟ್ಯಾನ್ ಒಂದು ಶೂಟಿಂಗ್ ಕ್ಲಬ್ಬಿನ ಹಳೆಯ ಸದಸ್ಯರು. ಬೇಟೆ ಗೀಟೆ ಇಲ್ಲ, ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಗುರಿಯಿಟ್ಟು ಹೊಡೆಯುವುದು, ಅಷ್ಟೇ. ಗುಂಡುಗಳನ್ನು ಕೊಳ್ಳದೆ ತಾವೇ ಎರಕ ಹೊಯ್ಯುತ್ತಿದ್ದರು. ಕಾರಿನ ಚಕ್ರಕ್ಕೆ ಸಮತೂಕಕ್ಕೆಂದು ಹಾಕುವ ಸೀಸದ ತುಂಡುಗಳು, ಮುಚ್ಚಿಹೋದ ಅಚ್ಚುಕೂಟವೊಂದರ ಹಳೆಯ ಅಕ್ಷರದ ಮೊಳೆಗಳು, ಎಲ್ಲ ಸೇರಿಸಿ ಕರಗಿಸಿದರೆ ಗಟ್ಟಿ ಗುಂಡಾಗುತ್ತದಂತೆ. ಎರಡು ವರ್ಷದಿಂದ ಒಂದು ತಾಪತ್ರಯ ಶುರುವಾಗಿತ್ತು. ಹತ್ತಿಪ್ಪತ್ತು ಗುಂಡು ಹಾರಿಸುವಷ್ಟರಲ್ಲಿ ನಳಿಕೆಯೊಳಗೆ ಸೀಸ ಬೂದು ಬಣ್ಣದ ಪಟ್ಟೆಯಾಗಿ ಅಂಟಿಕೊಳ್ಳುತ್ತಿತ್ತು. ಅಂಟಿದ ಮೇಲೆ ಗುರಿ ತಪ್ಪುತ್ತಿತ್ತು. ಕ್ಲಬ್ಬಿನಲ್ಲಿ ವರ್ಷ ವರ್ಷ ಮೊದಲಿಗರಾಗಿರುತ್ತಿದ್ದ ಸ್ಟ್ಯಾನ್ ಈಗ ನಡುವೆಲ್ಲೋ ಇದ್ದರು.

"ನಾನು ಇನ್ನೂ ಗಟ್ಟಿ ಮಾಡಿದೆ. ಬಿಸಿ ಗುಂಡನ್ನ ನೀರಿಗೆ ಹಾಕಿ ಹದ ಕೊಟ್ಟೆ. ಗಟ್ಟಿ ಮಾಡಿದಷ್ಟೂ ಜಾಸ್ತಿ ಅಂಟತಾ ಇದೆ! ಹೆಂಗೆ ಅಂತ ಹೇಳು ನೋಡೋಣ," ಎಂದು ಸ್ಟ್ಯಾನ್ ಮೇಜು ಗುದ್ದಿದರು. ಗುದ್ದು ಜೋರಾಗಿಯೇ ಬಿತ್ತು. ಒಳಗಿನಿಂದ ಹೆಲೆನ್ ಓಡಿಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು.

ಮನೆಗೆ ಬಂದ ಮೇಲೆ ನಾನು ಇವರನ್ನು ತರಾಟೆಗೆ ತೆಗೆದುಕೊಂಡೆ.

"ಅಲ್ರೀ, ನಾನು ಬೆಳಿಗ್ಗೆಯಿಂದ ಸಂಜೆವರೆಗೂ ಮಕ್ಕಳ ಮೈಯಿಂದ ಸೀಸ ತೆಗೆಯೋದು, ನೀವು ಶನಿವಾರ ಕೂತ್ಕೊಂಡು ಅದ್ರಲ್ಲೇ ಆಟ ಆಡೋದು!"

"ನಾನೇನು ತಿಂತೀನಾ? ಕೈ ತೊಳ್ಕೋತೀನಿ ಕಣೇ. ಇದು ಮೆಟಲರ್ಜಿ ಪ್ರಾಬ್ಲಮ್ಮು ಶಾರದಾ. ಎಷ್ಟು ಚೆನ್ನಾಗಿದೆ ಗೊತ್ತಾ?"

"ರಿವಾಲ್ವರ್ ಹಿಡ್ಕೊಂಡು ನಿಂತಿದ್ರಲ್ಲ, ನಿಮ್ಮಮ್ಮ ನೋಡ್ಬೇಕಿತ್ತು."

"ನೀನು ಕಿರುಚಿದ್ದನ್ನೂ ನೋಡ್ಬೇಕಿತ್ತು," ಎಂದು ನಕ್ಕರು. ಆಮೇಲೆ ಒಂದು ಬಾಣ ಬಿಟ್ಟರು, ಅದು ನೆಟ್ಟಗೆ ಬಂದು ತಾಕಿತು. "ನಿಮ್ಮಜ್ಜಿ ಮನೇಲಿ ಕಲಾಯಿ ಹಾಕಿಸ್ತಿದ್ರು ಅಂತಿದ್ಯಲ್ಲ, ಇದು ಅದೇ."

ಕಲಾಯಿ! ಚಾಮುಂಡಿಪುರದ ನಮ್ಮ ಅಜ್ಜಿಯ ಮನೆಯ ಹಿತ್ತಲಿಗೆ ಕಲಾಯಿಯವನು ಬಂದನೆಂದರೆ ನಮಗೆ ಶಾಲೆ ಬೇಡ, ಊಟ ಬೇಡ. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತುತ್ತಿದ್ದ. ಹಿತ್ತಾಳೆಯ ಕೊಳದಪ್ಪಲೆ ಕಾದು ಕೆಂಪಗಾಗುವ ಹೊತ್ತಿಗೆ ಒಂದು ಚಿಟಿಕೆ ನವಸಾಗರ ಎರಚಿದರೆ ಬುಸ್ಸೆಂದು ಬಿಳಿಯ ಹೊಗೆ. ಆ ಘಾಟಿಗೆ ನಾವೆಲ್ಲ ಕೆಮ್ಮುತ್ತ ಹಿಂದೆ ಸರಿದು, ಮತ್ತೆ ಮುಂದೆ ನುಗ್ಗುವುದು. ತವರದ ಕಡ್ಡಿಯನ್ನು ಹಾಗೆ ತಾಕಿಸಿ ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆಯೊಳಗೆ ಬೆಳದಿಂಗಳು ಸುರಿದಂತೆ. ನಮ್ಮಜ್ಜಿ ಅಷ್ಟಕ್ಕೆ ಮರುಳಾಗುವವರಲ್ಲ. ಪಾತ್ರೆ ಆರಿದ ಮೇಲೆ ಬಿಳಿಯ ಬಟ್ಟೆಯ ಚೂರಿನಿಂದ ಒಳಗೆ ತಿಕ್ಕಿ ನೋಡುತ್ತಿದ್ದರು. ಬಟ್ಟೆ ಕಪ್ಪಾದರೆ, "ತವರಕ್ಕೆ ಸೀಸ ಬೆರ್ಸಿದೀಯ, ತೆಗಿ ಇದನ್ನ, ಮನೆ ಮಕ್ಕಳು ಉಣ್ಣೋ ಪಾತ್ರೆ," ಎಂದು ಎಲ್ಲವನ್ನೂ ಮತ್ತೆ ಹಾಕಿಸುತ್ತಿದ್ದರು. ಅಜ್ಜಿ ಯಾವ ಮೆಡಿಕಲ್ ಕಾಲೇಜಿಗೂ ಹೋಗಿರಲಿಲ್ಲ. ನಾನು ಹೋಗಿ ಕಲಿತದ್ದನ್ನು ಅಲ್ಲಿಯೇ ಕಲಿಯಬಹುದಿತ್ತೇನೋ!

ಇವರ ವಾದ ಹೀಗಿತ್ತು. ಗುಂಡು ತಾನು ಹಾಯುವ ತೂತಿಗಿಂತ ಕೂದಲೆಳೆಯಷ್ಟು ಸಣ್ಣದಾಗಿದ್ದರೂ ಸಾಕು, ಸಿಡಿದ ಮದ್ದಿನ ಉರಿಗಾಳಿ ಆ ಸಂದಿಯಲ್ಲಿ ನುಗ್ಗಿ ಗುಂಡಿನ ಪಕ್ಕೆಯನ್ನು ಕರಗಿಸುತ್ತದೆ. ಕರಗಿದ ಸೀಸ ಉಕ್ಕಿಗೆ ಬಳಿದುಕೊಳ್ಳುತ್ತದೆ. ಮೆತ್ತಗಿನ ಗುಂಡಾದರೆ ಒತ್ತಡಕ್ಕೆ ಉಬ್ಬಿ ಸಂದಿಯನ್ನು ತಾನೇ ಮುಚ್ಚುತ್ತದೆ. ಸ್ಟ್ಯಾನ್‌ರ ಗುಂಡು ಗಟ್ಟಿ, ಉಬ್ಬುವುದಿಲ್ಲ. ಗಟ್ಟಿ ಮಾಡಿದಷ್ಟೂ ಅಂಟುವುದು ಅದಕ್ಕೇ. "ಗುಂಡು ಹೋಗ್ತಾ ಹೋಗ್ತಾ ನಳಿಕೆಗೆ ಕಲಾಯಿ ಹಾಕ್ಕೊಂಡು ಹೋಗತ್ತೆ, ಅಷ್ಟೇ," ಎಂದು ಇವರು ಎರಡು ಕೈ ಕೊಡವಿದರು.

ನನಗೆ ಅರ್ಥವಾಯಿತು. ಅರ್ಥವಾದದ್ದೇ ನನಗೆ ಇಷ್ಟವಾಗಲಿಲ್ಲ.

ಆಗ ಈ ಸುತ್ತಿನಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಒಬ್ಬರ ಮನೆಯಲ್ಲಿ ಹುಳಿಗೆ ಉಪ್ಪು ಹೆಚ್ಚಾದರೆ ಇನ್ನೊಬ್ಬರಿಗೆ ಬಾಯಾರಿಕೆಯಾಗುವಷ್ಟು ಒಡನಾಟ. ಯುಗಾದಿ ಊಟದಲ್ಲಿ ಹಿರಿಯರಾದ ಕಮಲಾ ಆಂಟಿ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, "ಏನಮ್ಮಾ ಶಾರದಾ, ನಿಮ್ಮೆಜಮಾನ್ರು ಜಿಂಕೆ ಹೊಡೀತಾರಂತೆ?" ಎಂದು ಕೇಳಿದರು. ಅವರ ಕೈಯಲ್ಲಿದ್ದ ಒಬ್ಬಟ್ಟಿನ ತಟ್ಟೆ ಉತ್ತರ ಬರುವ ತನಕ ನನ್ನ ಕಡೆಗೆ ಸರಿಯಲೇ ಇಲ್ಲ. "ಇಲ್ಲ ಆಂಟಿ, ಕಾಗದ," ಎಂದೆ. "ಕಾಗದ ಯಾಕಮ್ಮ ಹೊಡೀಬೇಕು?" ಎಂದರು.

ಗ್ಯಾರೇಜಿನ ಕೆಲಸ ಮುಂದುವರಿಯಿತು. ಶುದ್ಧ ಸೀಸದ ಮೆತ್ತನೆಯ ತುಂಡೊಂದನ್ನು ನಳಿಕೆಯಲ್ಲಿ ಮೆಲ್ಲಗೆ ಬಡಿದು ದಾಟಿಸಿ ಅಳೆದರು. ಉರುಳೆಯ ಆರು ತೂತುಗಳ ಬಾಯಿಯನ್ನೂ ಹಾಗೇ ಅಳೆದರು. ಇವರ ಊಹೆ ಸರಿಯಾಗಿತ್ತು: ತೂತಿನ ಬಾಯಿ ಹಿರಿದು, ಗುಂಡು ಕಿರಿದು. ಗುಂಡನ್ನು ಒತ್ತಿ ಅಳತೆಗೆ ತರುವ ಅಚ್ಚನ್ನು ಸ್ಟ್ಯಾನ್ ಸಾಣೆ ಹಿಡಿದು ಒಂದಿಷ್ಟು ಅಗಲಿಸಿದರು. ಅಕ್ಷರದ ಮೊಳೆ ಹಾಕುವುದನ್ನು ಕಡಿಮೆ ಮಾಡಿದರು, ನೀರಿಗೆ ಹಾಕುವುದನ್ನು ಬಿಟ್ಟರು, ಗುಂಡಿನ ಮೈಗೆ ಜೇನುಮೇಣದ ಒಳ್ಳೆಯ ಜಿಡ್ಡು ತುಂಬಿದರು. ಸ್ಟ್ಯಾನ್‌ಗೆ ನಡುನಡುವೆ ರೇಗುತ್ತಿತ್ತು. ಒಮ್ಮೆ ಕೈಯಲ್ಲಿದ್ದ ಅಳತೆಯ ಉಪಕರಣ ಜಾರಿ ಬಿದ್ದದ್ದಕ್ಕೆ ಕಾಫಿಯ ಮಗ್ಗನ್ನು ಗೋಡೆಗೆ ಎಸೆದರಂತೆ. ಇವರು ಅದನ್ನು ಹೇಳಿದಾಗ, ವಯಸ್ಸಾಯಿತಲ್ಲ ಪಾಪ ಎಂದುಕೊಂಡೆವು.

ಅಂತೂ ಹೊಸ ಗುಂಡಿನ ಪರೀಕ್ಷೆಯ ದಿನ ಬಂತು. "ನೀನೂ ಬಾ. ಒಂದ್ಸಲ ನೋಡು, ಆಮೇಲೆ ಬೈಯಿ," ಎಂದು ಇವರು ಹಟ ಹಿಡಿದರು. ರಂಜನಿಯನ್ನು ಹೆಲೆನ್ ಹತ್ತಿರ ಬಿಟ್ಟು ಮೂವರೂ ಹೊರಟೆವು.

ಕ್ಲಬ್ಬಿದ್ದದ್ದು ಹಳೆಯ ಕಟ್ಟಡವೊಂದರ ಬೇಸ್‌ಮೆಂಟಿನಲ್ಲಿ. ತಗ್ಗಿನ ಸೂರು, ಕಿಟಕಿ ಇಲ್ಲ. ಗಾಳಿಯಾಡಲೆಂದು ಇಟ್ಟಿದ್ದ ಒಂದು ಫ್ಯಾನು ತಿರುಗುತ್ತಿರಲಿಲ್ಲ. ಸುಟ್ಟ ಮದ್ದಿನ ಹೊಗೆ ದೀಪಗಳ ಸುತ್ತ ನೀಲಿಯಾಗಿ ನಿಂತಿತ್ತು. ಬೆಂಚಿನ ಮೇಲೆ ಕೂತವರು ಕರಿ ಹಿಡಿದ ಕೈಯಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು, ಸಿಗರೇಟು ಸೇದುತ್ತಿದ್ದರು. ಕಿವಿಗೆ ಮುಚ್ಚಳ ಹಾಕಿಕೊಂಡು ನಾನು ಗೋಡೆಗೆ ಅಂಟಿ ನಿಂತೆ. ಒಂದೊಂದು ಗುಂಡು ಹಾರಿದಾಗಲೂ ಮೈ ಕುಪ್ಪಳಿಸುತ್ತಿತ್ತು.

ಸ್ಟ್ಯಾನ್ ಗುಂಡು ಹಾರಿಸುತ್ತ ಹೋದರು. ಪೆಟ್ಟಿಗೆಯಲ್ಲಿದ್ದ ಗುಂಡೆಲ್ಲ ಮುಗಿಯಿತು. ಇವರು ಓಡಿಹೋಗಿ ನಳಿಕೆಯ ಒಂದು ತುದಿಗೆ ಟಾರ್ಚು ಹಿಡಿದು, ಇನ್ನೊಂದು ತುದಿಯಿಂದ ನೋಡಿದರು.

"ಶಾರದಾ, ಬಾ ಇಲ್ಲಿ, ನೋಡು!"

ಉರುಳೆ ಖಾಲಿಯಿದೆಯೆಂದು ಮೂರು ಸಲ ಕೇಳಿಕೊಂಡು, ಉಸಿರು ಬಿಗಿಹಿಡಿದು ನಾನೂ ಕಣ್ಣಿಟ್ಟೆ. ಕನ್ನಡಿ! ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ತಿರುಚಿಕೊಂಡು ಹೋದ ಗೆರೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಮನಸ್ಸಿಲ್ಲದ ಮನಸ್ಸಿನಿಂದ, "ಚೆನ್ನಾಗಿದೆ," ಎಂದೆ. ಇವರ ಮುಖ ಊರಗಲವಾಯಿತು.

ಆಗ ತಂತಿಯ ಮೇಲೆ ಜಾರುತ್ತ ಗುರಿಯ ಕಾಗದ ಹತ್ತಿರ ಬಂತು. ಮೂವರೂ ನೋಡಿದೆವು.

ತೂತುಗಳು ಕಾಗದದ ತುಂಬ ಚೆಲ್ಲಾಪಿಲ್ಲಿಯಾಗಿದ್ದವು. ಕಪ್ಪು ವೃತ್ತದೊಳಗಿದ್ದವು ಎಲ್ಲೋ ಒಂದೆರಡು. ಹಲವು ಕಾಗದವನ್ನೇ ಮುಟ್ಟಿರಲಿಲ್ಲ.

"ನಿನ್ನ ಅಳತೆ ತಪ್ಪು, ಸಿಡ್!" ಸ್ಟ್ಯಾನ್ ಗುಡುಗಿದರು. ಕ್ಲಬ್ಬಿನವರೆಲ್ಲ ತಿರುಗಿ ನೋಡಿದರು.

"ನಳಿಕೆ ಕ್ಲೀನಾಗಿದೆ ಸ್ಟ್ಯಾನ್. ನೀವೇ ನೋಡಿ."

ಸ್ಟ್ಯಾನ್ ನೋಡಿದರು. ಬಹಳ ಹೊತ್ತು ನೋಡಿದರು. ಕಣ್ಣು ತೆಗೆದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ಎರಡು ವರ್ಷ ಯಾವುದರ ಮೇಲೆ ತಪ್ಪು ಹೊರಿಸಿದ್ದರೋ ಆ ಸೀಸ ಅಲ್ಲಿರಲಿಲ್ಲ. ಕಾಗದವನ್ನು ಕಿತ್ತು ಮುದುಡಲು ಹೋದರು. ಬಲಗೈಯ ಮಣಿಕಟ್ಟು ಮೇಲೇಳಲಿಲ್ಲ. ಕೈ ಬಾಡಿದ ಎಲೆಯಂತೆ ಕೆಳಗೆ ಜೋತಿತು. ಅದನ್ನು ನಾನು ನೋಡಿದೆನೆಂದು ಗೊತ್ತಾಗಿ, ಸಂಕೋಚಕ್ಕೆ ನಕ್ಕರು.

ಆ ನಗು ಬಾಯಗಲ ತೆರೆದ ನಗು. ಮೇಲಿನ ದೀಪ ನೇರ ಅವರ ಮುಖದ ಮೇಲಿತ್ತು. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿನುದ್ದಕ್ಕೂ, ಪೆನ್ಸಿಲಿನಲ್ಲಿ ಎಳೆದಂತೆ ಕಡು ನೀಲಿಯ ಒಂದು ಗೆರೆ.

ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಾರೆ ನೋಡಿದ್ದು ಅದೇ ಮೊದಲು. ಸೀಸ ರಕ್ತದಲ್ಲಿ ತುಂಬಿದವರ ಒಸಡಿಗೆ ಬರುವ ಗೆರೆ ಅದು. ಮೇಜು ಗುದ್ದುವ ಸಿಟ್ಟು, ತಪ್ಪುವ ಗುರಿ, ಮೇಲೇಳದ ಮಣಿಕಟ್ಟು ಎಲ್ಲ ಒಮ್ಮೆಲೇ ಸಾಲಾಗಿ ಬಂದು ಎದುರು ನಿಂತವು.

"ಸ್ಟ್ಯಾನ್, ನಿಮಗೆ ಹೊಟ್ಟೆನೋವು ಬರುತ್ತಾ?"

"ಬಂದೇ ಬರುತ್ತೆ. ಮಾತ್ರೆ ತಿಂತೀನಿ. ಯಾಕೆ?"

"ಸೀಸ ಎಲ್ಲಿ ಕರಗಿಸ್ತೀರಿ?"

"ಬೇಸಿಗೇಲಿ ಗ್ಯಾರೇಜಲ್ಲಿ. ಚಳಿಗಾಲದಲ್ಲಿ ಅಲ್ಲಿ ಕೈ ಮರಗಟ್ಟುತ್ತೆ, ಬೇಸ್‌ಮೆಂಟಲ್ಲಿ. ಹೆಲೆನ್‌ಳ ವಾಷಿಂಗ್ ಮೆಷಿನ್ ಪಕ್ಕದಲ್ಲಿ."

ಬೇಸ್‌ಮೆಂಟು! ಹೆಲೆನ್ ಬಟ್ಟೆ ಒಗೆಯುವಾಗ ರಂಜನಿ ಆಡುವ ಜಾಗ. ನೆಲದ ಮೇಲೆ ಕಂಬಳಿ ಹಾಸಿ, ಮರದ ಚಮಚ ಕೊಟ್ಟು ಕೂರಿಸುತ್ತೇನೆಂದು ಹೆಲೆನ್ ಎಷ್ಟು ಪ್ರೀತಿಯಿಂದ ಹೇಳಿದ್ದರು. ಈಗಲೂ ಅಲ್ಲಿಯೇ ಇರಬಹುದು.

ವಾಪಸು ಬರುವಾಗ ಇವರು ಡ್ರೈವ್ ಮಾಡುತ್ತಿದ್ದರು. ನಾನು ಏನು ಮಾತಾಡಿದೆನೋ ನೆನಪಿಲ್ಲ. "ಬೇಗ ಹೋಗ್ರೀ, ಬೇಗ ಹೋಗ್ರೀ," ಎಂದಷ್ಟೇ ಹೇಳುತ್ತಿದ್ದೆನಂತೆ. ಮನೆಯ ಮುಂದೆ ಕಾರು ನಿಲ್ಲುವ ಮೊದಲೇ ಇಳಿದು ಓಡಿದೆ. ಬೇಸ್‌ಮೆಂಟಿನ ಮೆಟ್ಟಿಲು ಇಳಿಯುತ್ತಿದ್ದಂತೆ ಕಂಡದ್ದು: ಒಂದು ಮೂಲೆಯಲ್ಲಿ ಕರಗಿಸುವ ಪುಟ್ಟ ಒಲೆ, ಅದರ ಸುತ್ತ ನೆಲದ ಮೇಲೆ ಕೆನೆಯಂತೆ ತೆಗೆದುಹಾಕಿದ ಬೂದು ಕಿಟ್ಟದ ಪುಡಿ, ಇನ್ನೊಂದು ಮೂಲೆಯಲ್ಲಿ ಕಂಬಳಿಯ ಮೇಲೆ ನನ್ನ ಮಗಳು. ಬಾಯಲ್ಲಿ ಬೆರಳು.

ಅವಳನ್ನು ಬಾಚಿ ಎತ್ತಿಕೊಂಡು, ನಲ್ಲಿಯ ಕೆಳಗೆ ಕೈ ಹಿಡಿದು ತಿಕ್ಕಿ ತಿಕ್ಕಿ ತೊಳೆದೆ. ಅವಳು ಅತ್ತಳು. ಏನಾಯಿತೆಂದು ತಿಳಿಯದೆ ಹೆಲೆನ್‌ರೂ ಅಳತೊಡಗಿದರು. ಇವರು ಮೆಟ್ಟಿಲ ಮೇಲೆ ಗರಬಡಿದವರಂತೆ ನಿಂತಿದ್ದರು. ಇವರು ಅಷ್ಟು ಬಿಳಿಚಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮರುದಿನ ಎಲ್ಲರ ರಕ್ತವನ್ನೂ ತೆಗೆದೆ. ರಂಜನಿಯದು, ಇವರದು, ನನ್ನದು, ಹೆಲೆನ್‌ರದು. ಸ್ಟ್ಯಾನ್ ಮಾತ್ರ ಒಪ್ಪಲಿಲ್ಲ.

"ಸೀಸ ತಿನ್ನೋದು ಮಕ್ಕಳು, ಡಾಕ್. ನಾನು ಹುಡುಗನಾಗಿದ್ದಾಗಿಂದ ಮುಟ್ಟಿದೀನಿ ಅದನ್ನ. ನನಗೇನಾಗಿದೆ?"

"ತೋಳು ಚಾಚು, ಸ್ಟ್ಯಾನ್," ಎಂದರು ಹೆಲೆನ್. ಮೆತ್ತನೆಯ ಮಾತೇ. ಆದರೆ ಅವರು ಗಂಡನ ಮುಖ ನೋಡಿ ಹೇಳಲಿಲ್ಲ, ಕಿಟಕಿ ನೋಡುತ್ತ ಹೇಳಿದರು. ಸ್ಟ್ಯಾನ್ ತೋಳು ಚಾಚಿ ಕಣ್ಣು ಮುಚ್ಚಿಕೊಂಡರು. ಗುಂಡಿನ ಸದ್ದಿಗೆ ರೆಪ್ಪೆ ಮಿಟುಕಿಸದ ಮನುಷ್ಯನಿಗೆ ಸೂಜಿ ಎಂದರೆ ಹೆದರಿಕೆ!

ಫಲಿತಾಂಶ ಬರುವ ತನಕ ನಾನು ಡಾಕ್ಟರಾಗಿರಲಿಲ್ಲ. ಲ್ಯಾಬಿನ ಫೋನು ಬಂದಾಗ ರಿಸೀವರು ಎರಡು ಕೈಯಲ್ಲಿ ಹಿಡಿದೆ. ಮಗುವಿನ ರಕ್ತದಲ್ಲಿ ಸೀಸವಿತ್ತು. ಆದರೆ ಚಿಕಿತ್ಸೆ ಬೇಕಾಗುವಷ್ಟಿರಲಿಲ್ಲ. ದೂರವಿಟ್ಟರೆ ತಾನೇ ಇಳಿಯುತ್ತದೆ, ಮತ್ತೆ ಮತ್ತೆ ನೋಡುತ್ತಿರಬೇಕು ಎಂದರು. ಹಾಗೆಯೇ ಇಳಿಯಿತು. ಇವರದೂ ಹೆಲೆನ್‌ರದೂ ಸ್ವಲ್ಪ ಹೆಚ್ಚು, ನನ್ನದು ಇಲ್ಲವೆನ್ನುವಷ್ಟು. ಕೊನೆಗೆ ಲ್ಯಾಬಿನಾಕೆ ಕೇಳಿದಳು: "ಡಾಕ್ಟರ್, ಆ ವಯಸ್ಸಾದ ಗಂಡಸು ಸೀಸದ ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸ ಮಾಡ್ತಾರಾ? ಮಿಷಿನ್ ಕೆಟ್ಟಿದೆ ಅಂದ್ಕೊಂಡು ಎರಡು ಸಲ ಮಾಡಿದೆ."

ಅವತ್ತೇ ಸ್ಟ್ಯಾನ್ ಆಸ್ಪತ್ರೆ ಸೇರಿದರು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಸಾಗಿಸುವ ಔಷಧಿಯನ್ನು ನರಕ್ಕೆ ಹನಿಹನಿಯಾಗಿ ಬಿಟ್ಟರು. ಇನ್ನು ಕೆಲವು ತಿಂಗಳು ತಡವಾಗಿದ್ದರೆ ಮಿದುಳಿಗೋ ಮೂತ್ರಪಿಂಡಕ್ಕೋ ತಾಕಿ ಕೈಮೀರುತ್ತಿತ್ತು ಎಂದು ನೋಡಿಕೊಳ್ಳುತ್ತಿದ್ದ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕ್ಲಬ್ಬಿನ ಕೆಟ್ಟ ಗಾಳಿ, ಕಿಟ್ಟದ ಪುಡಿ, ಕರಿ ಕೈಯಲ್ಲಿ ಸೇದಿದ ಸಿಗರೇಟು, ಎಲ್ಲ ಸೇರಿ ವರ್ಷಗಟ್ಟಲೆ ಒಳಗೆ ಹೋಗಿತ್ತು. ನಳಿಕೆಯನ್ನು ದಿನಾ ಉಜ್ಜಿದ್ದರು, ಮೈಯನ್ನು ಯಾರೂ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಹೆಲೆನ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ಡಾಕ್, ಒಂದು ಕೇಳಲಾ? ಅವನ ಸಿಟ್ಟು, ಅದೂ ಸೀಸವಾ?"

"ಇರಬಹುದು. ಸೀಸ ಮನುಷ್ಯನ ಸ್ವಭಾವಾನೇ ಕೆಡಿಸುತ್ತೆ."

ಹೆಲೆನ್ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತರು. "ಎರಡು ವರ್ಷದಿಂದ ಅವನು ನನ್ನ ಜೊತೆ ಮನುಷ್ಯನ ಥರ ಮಾತಾಡಿಲ್ಲ. ತಟ್ಟೆ ಒಡೆದಿದಾನೆ. ಬಾಗಿಲು ಒದ್ದಿದಾನೆ. ನನ್ನ ಕಂಡರೆ ಬೇಜಾರಾಗಿದೆ ಅಂದ್ಕೊಂಡೆ. ಟೊಲೀಡೋದಲ್ಲಿ ನಮ್ಮಕ್ಕ ಇದಾಳೆ. ಅವಳ ಮನೆಗೆ ಹೋಗಿಬಿಡೋಣ ಅಂತ ಸೂಟ್‌ಕೇಸ್ ತುಂಬಿ ಮಂಚದ ಕೆಳಗೆ ಇಟ್ಟಿದೀನಿ. ನಿನ್ನ ಮಗು ದಿನಾ ಬರುತ್ತಲ್ಲ, ಅದಕ್ಕೆ ಇವತ್ತು ಬೇಡ, ನಾಳೆ ಬೇಡ ಅಂತ..."

ಬೇಲಿಯಾಚೆಯಿಂದ ನೋಡಿ ಎಂಥ ಒಳ್ಳೆಯ ಜೋಡಿ ಎಂದುಕೊಂಡಿದ್ದೆ. ಊರಿಗೆ ಬರೆಯುವಾಗೆಲ್ಲ ಹೊಗಳಿದ್ದೆ. ಹೆಲೆನ್ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ಸೀಸ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಬರೀ ಸೀಸ."

ಸ್ಟ್ಯಾನ್ ಮನೆಗೆ ಬಂದರು. ಮಣಿಕಟ್ಟಿಗೆ ಕಸುವು ನಿಧಾನವಾಗಿ ಮರಳಿತು. ಒಲೆ, ಅಚ್ಚು, ಸೀಸದ ಗಟ್ಟಿಗಳೆಲ್ಲ ಮನೆಯಿಂದ ಹೊರಗೆ ಹೋದವು. ನಾವೆಲ್ಲ ಸೇರಿ ಬೇಸ್‌ಮೆಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ತೊಳೆದೆವು. ಸ್ಟ್ಯಾನ್ ಬಹಳ ಮೆತ್ತಗಾಗಿದ್ದರು. ಹೆಲೆನ್‌ರಿಗೆ ಕುರ್ಚಿ ಎಳೆದುಕೊಡುತ್ತಿದ್ದರು, ರಂಜನಿಯನ್ನು ಕಂಡರೆ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಿದ್ದರು. ಇವರಿಗೆ ಮಾತ್ರ ಒಳಗೊಳಗೇ ಒಂದು ಸಂಕಟ. ಅಷ್ಟು ಚೆನ್ನಾಗಿ ಬಿಡಿಸಿದ ಲೆಕ್ಕ ಯಾರಿಗೂ ಬೇಡವಾಗಿತ್ತು.

ಬೇಸಿಗೆ ಕಾಲಿಟ್ಟಿತ್ತು. ನನಗೆ ರಜವಿದ್ದ ಒಂದು ಬೆಳಿಗ್ಗೆ ಫೋನು ಹೊಡೆದುಕೊಂಡಿತು.

"ಡಾಕ್," ಹೆಲೆನ್‌ ಆ ಕಡೆಯಿಂದ ಮೆಲ್ಲಗೆ ಹೇಳಿದರು. "ಅದು ವಾಪಸ್ ಬಂದಿದೆ. ಬೆಳಿಗ್ಗೆಯಿಂದ ಕೂಗಾಡ್ತಿದಾನೆ."

ಮೂಳೆಯೊಳಗೆ ಸೇರಿಕೊಂಡ ಸೀಸ ಮತ್ತೆ ರಕ್ತಕ್ಕೆ ಇಳಿಯುವುದುಂಟು. ರಂಜನಿಯನ್ನು ಎತ್ತಿಕೊಂಡು ಓಡಿದೆ. ಸ್ಟ್ಯಾನ್ ಮುಖ ಕೆಂಪಗೆ ಮಾಡಿಕೊಂಡು, ಅಂಗಳದ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಹರಿಹಾಯುತ್ತಿದ್ದರು. ಅವರಿಗೆ ಒಂದು ಮಾತೂ ಹೇಳದೆ ತೋಳು ಹಿಡಿದು ರಕ್ತ ತೆಗೆದು, ನಾನೇ ಆಸ್ಪತ್ರೆಗೆ ಒಯ್ದು, ಲ್ಯಾಬಿನಾಕೆಯ ತಲೆ ತಿಂದು ಬೇಗ ಮಾಡಿಸಿದೆ. ಫಲಿತಾಂಶ ಬಂದ ಮಧ್ಯಾಹ್ನ ಅವರ ಅಡುಗೆಮನೆಗೆ ಹೋದೆ. ಹೆಲೆನ್ ಆಲೂಗೆಡ್ಡೆ ಹೆರೆಯುತ್ತಿದ್ದವರು ಹಾಗೇ ನಿಂತರು. ಒಳಗಿನ ಕೋಣೆಯಿಂದ, ನನ್ನ ಸುತ್ತಿಗೆ ಯಾರು ಎತ್ತಿಟ್ಟರು, ಈ ಮನೆಯಲ್ಲಿ ಒಂದು ವಸ್ತು ಇಟ್ಟ ಜಾಗದಲ್ಲಿರುವುದಿಲ್ಲ, ಎಂಬ ಗರ್ಜನೆ ಕೇಳುತ್ತಿತ್ತು.

"ಎಷ್ಟಿದೆ?" ಎಂದರು ಹೆಲೆನ್.

"ಇನ್ನೂ ಇಳಿದಿದೆ. ಹೋದ ಸಲಕ್ಕಿಂತ ಚೆನ್ನಾಗಿದೆ."

"ಮತ್ತೆ ಇದು?" ಕೋಣೆಯ ಕಡೆ ಕೈ ತೋರಿಸಿದರು.

"ಇದು ಸೀಸ ಅಲ್ಲ, ಹೆಲೆನ್. ಇದು ಸ್ಟ್ಯಾನ್."

ಅವರು ನನ್ನನ್ನೇ ನೋಡಿದರು. ಆಲೂಗೆಡ್ಡೆಯನ್ನು ನೋಡಿದರು. ತುಟಿಯ ಅಂಚು ಮೆಲ್ಲಗೆ ಅಲುಗಿತು.

"ಇಷ್ಟೇನಾ?"

"ಇಷ್ಟೇ."

"ಹಾಗಾದರೆ ಸರಿ. ಇದನ್ನ ನಾನು ನೋಡ್ಕೋತೀನಿ."

ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡ ನಮ್ಮ ಕಡೆಯ ಹೆಂಗಸಿನಂತೆ ದಾಪುಗಾಲಿಟ್ಟು ಕೋಣೆಗೆ ಹೋದರು. ಆಮೇಲೆ ಕೇಳಿಸಿದ ಕೂಗು ಹೆಲೆನ್‌ರದು. ಅವರಿಗೆ ಅಂಥ ಗಂಟಲಿದೆಯೆಂದು ನನಗೆ ಗೊತ್ತಿರಲಿಲ್ಲ. ಸ್ಟ್ಯಾನ್‌ಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಗರ್ಜನೆ ನಡುವಿನಲ್ಲೇ ನಿಂತುಹೋಯಿತು.